ಸಿಡುಬು ತಡೆಯುವ ಕುರಿ ಹುಳವನ್ನು ಯಾಕೆ ತಡೆಯಲಾರದು?

ಹಡಪಸರದಿಂದ ಸಾಸವಡದ ಕಡೆ ಹೊರಟರೆ ದಿವೆ ಘಾಟ್ ಹತ್ತಬೇಕು. ಘಾಟ್ ದಾಟಿದ ಮೇಲೆ ಮಳೆ ಕಡಿಮೆ, ಗಾಳಿ ಜಾಸ್ತಿ. ಸೀತಾಫಲದ ತೋಟಗಳು ಶುರುವಾಗುತ್ತವೆ. ಆಷಾಢದ ಪಲ್ಲಕ್ಕಿ ಈ ದಾರಿಯಲ್ಲೇ ಪಂಢರಪುರಕ್ಕೆ ಹೋಗಿ ಎರಡು ವಾರ ಆಗಿತ್ತು. ರಸ್ತೆ ಪಕ್ಕದ ಬೀಳು ಹೊಲದಲ್ಲಿ ಒಂದು ಕುರಿ ಹಿಂಡು ನಿಂತಿತ್ತು. ಕಾಯುತ್ತಿದ್ದ ಅಜ್ಜ ತಮ್ಮ ನಾಯಿಯನ್ನು ಗದರಿಸಿದ್ದು ಕನ್ನಡದಲ್ಲಿ. ಕಿವಿಗೆ ಬಿದ್ದ ಕೂಡಲೇ ಸ್ಕೂಟರ್ ನಿಲ್ಲಿಸಿದೆ.

ಅಜ್ಜ ಜತ್ತ ತಾಲ್ಲೂಕಿನವರು. ಸಾಂಗ್ಲಿ ಜಿಲ್ಲೆಯಾದರೂ ಆ ಕಡೆ ಎಷ್ಟೋ ಮನೆಗಳಲ್ಲಿ ಕನ್ನಡವೇ ಮಾತು. ನನ್ನೂರು ವಿಜಯಪುರದ ಹತ್ತಿರ, ಪುಣೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ ಅಂದೆ. "ಹಂಗಾರ ಬರ್ರಿ ಸರ, ಇದನ್ನಷ್ಟ ಹಿಡೀರಿ" ಎಂದು ಒಂದು ಕರಿ ಕುರಿಯ ಮುಂಗಾಲು ನನ್ನ ಕೈಗೆ ಕೊಟ್ಟರು.

ಕುರಿಯ ಹಿಂದೊಡೆಯಲ್ಲಿ ನಾಯಿ ಕಚ್ಚಿದ ಗಾಯ. ಐದು ದಿನದ ಹಿಂದಿನದು. ಉಣ್ಣೆ ಸರಿಸಿದರೆ ರೂಪಾಯಿ ನಾಣ್ಯದಷ್ಟು ತೂತು. ಒಳಗೆ ಏನೋ ಮಿಸುಕಾಡುತ್ತಿದೆ. ಹತ್ತಿರ ಬಾಗಿ ನೋಡಿದೆ. ಹುಳಗಳು ತಲೆ ಕೆಳಗೆ ಮಾಡಿ ಮಾಂಸದಲ್ಲಿ ಹೂತು, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮೇಲೆ ಕಾಣುತ್ತಿದ್ದದ್ದು ಬರೀ ಬಾಲದ ತುದಿಗಳು. ಒಂದೊಂದು ತುದಿಯಲ್ಲೂ ಎರಡು ಕಪ್ಪು ಚುಕ್ಕಿ. ಅವು ಕಣ್ಣಲ್ಲ, ಉಸಿರಾಡುವ ತೂತುಗಳು. ಬಾಯಿ ಊಟದಲ್ಲಿ, ಮೂಗು ಗಾಳಿಯಲ್ಲಿ ಅನ್ನುವ ಹಾಗೆ ಅವುಗಳ ಮೈಯ ರಚನೆ. ಗಾಯದ ಸುತ್ತ ತಿಳಿ ಹಳದಿ ನೀರು ಒಸರಿ ಉಣ್ಣೆ ಜಡೆಗಟ್ಟಿತ್ತು. ನಮ್ಮ ಕಡೆ ಇದಕ್ಕೆ ರಸಿಗೆ ಅನ್ನುತ್ತಾರೆ. ಈ ರಸಿಗೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕತೆಯೆಲ್ಲ ಇದರ ಸುತ್ತಲೇ ಇದೆ.

ಅಜ್ಜ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಅರಿವೆ ತುರುಕಿ ಸ್ವಲ್ಪ ಹೊತ್ತು ಕಾದರು. ಹುಳಗಳು ಉಸಿರು ಕಟ್ಟಿ ಮೇಲೆ ಬಂದವು. ಒಂದೊಂದನ್ನೇ ಚಿಮಟದಿಂದ ಎತ್ತಿ ಹಾಕಿದರು. ಆಮೇಲೆ ಜಜ್ಜಿದ ಸೀತಾಫಲದ ಎಲೆಯನ್ನು ಗಾಯಕ್ಕೆ ತುಂಬಿದರು. ಕೈ ಒರೆಸಿಕೊಳ್ಳುತ್ತಾ ಕೇಳಿದರು: "ಸಿಡುಬು ಒಮ್ಮಿ ಬಂದ್ ಹೋದ್ರ ಆ ಕುರಿಗೆ ಮತ್ತ ಬರೂದಿಲ್ರಿ. ಹುಳಾ ಮಾತ್ರ ಬಿದ್ದದ್ದಕ್ಕ ಮತ್ತ ಬೀಳ್ತಾವು. ಮೈಯಾಗ ಶಕ್ತಿ ಇಲ್ಲಂತ ಅಲ್ಲ, ಸಿಡುಬಿಗೆ ಇರೂ ಶಕ್ತಿ ಹುಳಕ್ಕ ಯಾಕಿಲ್ಲ?"

ಇಷ್ಟು ನೇರವಾದ ಪ್ರಶ್ನೆಯನ್ನು ಎಂ.ಎಸ್ಸಿ. ತರಗತಿಯಲ್ಲೂ ನನಗೆ ಯಾರೂ ಕೇಳಿರಲಿಲ್ಲ. ಅಲ್ಲಿ ನಿಂತು ಕೊಟ್ಟ ಉತ್ತರ ಅರ್ಧಂಬರ್ಧ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಡುಬು. ಅದರ ವೈರಸ್ ಕುರಿಯ ಜೀವಕೋಶದ ಒಳಗೆ ಹೊಕ್ಕು ಅಲ್ಲಿಯೇ ಬೆಳೆಯುತ್ತದೆ. ರಕ್ತದಲ್ಲಿ ಹರಿಯುತ್ತದೆ, ಮೈಯೆಲ್ಲ ಸುತ್ತುತ್ತದೆ. ಮೊದಲ ಸಲ ಬಂದಾಗ ಕುರಿಯ ಮೈಗೆ ಅದರ ಪರಿಚಯವಿಲ್ಲ. ಲಕ್ಷಾಂತರ ಬಗೆಯ ಬಿಳಿ ರಕ್ತಕಣಗಳಲ್ಲಿ ಈ ವೈರಸ್ಸನ್ನೇ ಹಿಡಿಯಬಲ್ಲವು ಕೆಲವೇ ಕೆಲವು ಇರುತ್ತವೆ. ಅವು ಸಿಕ್ಕಬೇಕು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು, ವೈರಸ್ಸನ್ನು ಹಿಡಿಯುವ ಪ್ರತಿಕಾಯ ಅನ್ನುವ ಪ್ರೋಟೀನ್ ತಯಾರಿಸಬೇಕು. ಇದಕ್ಕೆ ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಕೆಲವು ಕುರಿ ಸಾಯುತ್ತವೆ. ಬದುಕಿ ಉಳಿದ ಕುರಿಯಲ್ಲಿ ಆ ಕಣಗಳ ಒಂದು ಪಾಲು ನೆನಪಿನ ಕಣಗಳಾಗಿ ಉಳಿಯುತ್ತದೆ. ಪ್ರತಿಕಾಯಗಳೂ ರಕ್ತದಲ್ಲಿ ಬಹುಕಾಲ ಇರುತ್ತವೆ. ಮುಂದೆ ಅದೇ ವೈರಸ್ ಬಂದರೆ ಬಾಗಿಲಲ್ಲೇ ಹಿಡಿಯುತ್ತವೆ.

ಇಲ್ಲಿ ಎರಡು ಅನುಕೂಲಗಳಿವೆ. ಒಂದು, ವೈರಸ್ ತೀರಾ ಚಿಕ್ಕದು. ಪ್ರತಿಕಾಯ ಅದನ್ನು ಸುತ್ತಿ ಕಟ್ಟಿಹಾಕಬಹುದು. ಇನ್ನೊಂದು, ವೈರಸ್ಸಿಗೆ ಬೆಳೆಯಲು ದಿನಗಟ್ಟಲೆ ಸಮಯ ಬೇಕು. ಆ ಸಮಯ ಕುರಿಗೂ ಸಿಗುತ್ತದೆ.

ಹುಳದ ವಿಷಯದಲ್ಲಿ ಈ ಎರಡೂ ಅನುಕೂಲ ಇಲ್ಲ.

ಹುಳ ಅಂದರೆ ನೊಣದ ಮರಿ, ಅಷ್ಟೇ. ನಮ್ಮ ಕಡೆ ಜಾನುವಾರುಗಳ ಗಾಯಕ್ಕೆ ಹುಳ ಬೀಳಿಸುವ ಮುಖ್ಯ ನೊಣ ಕ್ರೈಸೊಮಿಯಾ ಬೆಜ್ಜಿಯಾನಾ. ಹಸಿರು ನೀಲಿ ಮೈಯ, ಹೊಳೆಯುವ ನೊಣ. ಅದು ಸತ್ತ ಮಾಂಸದ ಮೇಲೆ ತತ್ತಿ ಇಡುವುದಿಲ್ಲ, ಜೀವಂತ ಪ್ರಾಣಿಯ ಗಾಯವೇ ಬೇಕು. ಆದರೆ ಕುರಿಯ ಮೈ ಹುಳಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಆಳವಾಗಿ ನೋಡಿದ್ದು ಇನ್ನೊಂದು ನೊಣದಲ್ಲಿ. ಅದರ ಹೆಸರು ಲೂಸಿಲಿಯಾ ಕುಪ್ರಿನಾ. ತಾಮ್ರದ ಛಾಯೆಯ ಹಸಿರು ನೊಣ. ಅದು ಭಾರತದಲ್ಲೂ ಇದೆ. ಆಸ್ಟ್ರೇಲಿಯಾದ ಮೆರಿನೊ ಕುರಿಗಳಿಗಂತೂ ಅದೇ ದೊಡ್ಡ ಶತ್ರು. ಅಲ್ಲಿ ಕೋಟಿಗಟ್ಟಲೆ ಕುರಿ, ಉಣ್ಣೆಯೇ ಬದುಕು. ಹಾಗಾಗಿ ಅಲ್ಲಿಯ ವಿಜ್ಞಾನಿಗಳು ದಶಕಗಳ ಕಾಲ ಇದರ ಹಿಂದೆ ಬಿದ್ದರು. ಮುಂದೆ ಹೇಳುವ ವಿಷಯದ ಹೆಚ್ಚು ಪಾಲು ಅಲ್ಲಿಂದ ಬಂದದ್ದು.

ಮೆರಿನೊ ಕುರಿಗೆ ಗಾಯವೇ ಆಗಬೇಕೆಂದಿಲ್ಲ. ದಟ್ಟ ಉಣ್ಣೆ ಮಳೆಯಲ್ಲಿ ದಿನಗಟ್ಟಲೆ ಒದ್ದೆಯಾಗಿ ಉಳಿದರೆ ಸಾಕು. ಒದ್ದೆ ಚರ್ಮದ ಮೇಲೆ ಸ್ಯೂಡೋಮೋನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಚರ್ಮ ಕೆಂಪಾಗುತ್ತದೆ, ಉಣ್ಣೆಯ ಬುಡ ಹಸಿರಾಗಿ ನಾರುತ್ತದೆ. ಆ ವಾಸನೆಗೆ ತತ್ತಿ ತುಂಬಿದ ಹೆಣ್ಣು ನೊಣ ಬರುತ್ತದೆ. ಒಂದು ಸಲಕ್ಕೆ ಸುಮಾರು 200 ತತ್ತಿ ಇಡುತ್ತದೆ. ಬೆಚ್ಚಗಿನ ಒದ್ದೆ ಜಾಗದಲ್ಲಿ ಒಂದು ದಿನದೊಳಗೇ ತತ್ತಿ ಒಡೆಯುತ್ತದೆ. ಹೊರಬಂದ ಮರಿ ಒಂದೇ ಮಿಲಿಮೀಟರ್ ಉದ್ದ. ನಾಲ್ಕೈದು ದಿನದಲ್ಲಿ ಎರಡು ಸಲ ಪೊರೆ ಕಳಚಿ ಒಂದು ಸೆಂಟಿಮೀಟರ್ ದಾಟುತ್ತದೆ. ಆಮೇಲೆ ಕುರಿಯ ಮೈಯಿಂದ ಉದುರಿ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಕುರಿಗೂ ಹುಳಕ್ಕೂ ಇರುವ ನಂಟು ಅಷ್ಟೇ, ನಾಲ್ಕೈದು ದಿನ.

ಲೆಕ್ಕ ನೋಡಿ. ಪ್ರತಿಕಾಯ ತಯಾರಾಗಲು ಒಂದೆರಡು ವಾರ. ಹುಳದ ಊಟ ಮುಗಿಯಲು ನಾಲ್ಕೈದು ದಿನ. ಎರಡನೇ ಸಲ ಹುಳ ಬಿದ್ದಾಗ ನೆನಪಿನ ಕಣಗಳು ಬೇಗ ಎದ್ದರೂ, ಅವು ಪೂರ್ತಿ ಕೆಲಸಕ್ಕೆ ಇಳಿಯಲು ಎರಡು ಮೂರು ದಿನವಾದರೂ ಬೇಕು. ಅಷ್ಟರಲ್ಲಿ ಹುಳದ ಅರ್ಧ ಸಮಯ ಮುಗಿದಿರುತ್ತದೆ.

ಹಾಗಾದರೆ ಆ ನಾಲ್ಕೈದು ದಿನ ಕುರಿಯ ಮೈ ಸುಮ್ನೆ ಇರುತ್ತದೆಯಾ? ಖಂಡಿತ ಇಲ್ಲ. ನನಗೆ ಈ ವಿಷಯದಲ್ಲಿ ಮನಸ್ಸು ಕಲಕುವ ಭಾಗ ಇದೇ. ಕುರಿ ಜೋರಾಗಿಯೇ ಹೋರಾಡುತ್ತದೆ.

ಒಂದು ಮಿಲಿಮೀಟರ್ ಮರಿಯ ಬಾಯಲ್ಲಿ ಎರಡು ಪುಟ್ಟ ಕೊಕ್ಕೆಗಳಿವೆ. ಅವುಗಳಿಂದ ಚರ್ಮ ಗೀರುತ್ತದೆ. ಜೊತೆಗೆ ಜೊಲ್ಲು ಸುರಿಸುತ್ತದೆ. ಆ ಜೊಲ್ಲಿನಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವಗಳಿವೆ. ನಮ್ಮ ಹೊಟ್ಟೆಯಲ್ಲಿ ಬೇಳೆ, ಮಾಂಸ ಜೀರ್ಣ ಮಾಡುವ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಇವೆಯಲ್ಲ, ಅವುಗಳ ದಾಯಾದಿಗಳೇ ಇವು. ವ್ಯತ್ಯಾಸ ಇಷ್ಟೇ: ನಾವು ನುಂಗಿ ಜೀರ್ಣಿಸುತ್ತೇವೆ, ಹುಳ ಹೊರಗೇ ಕರಗಿಸಿ ಆಮೇಲೆ ಹೀರುತ್ತದೆ. ಚರ್ಮವನ್ನು ಹಿಡಿದಿಟ್ಟ ಕೊಲಾಜೆನ್ ನಾರುಗಳು ಸಡಿಲವಾಗುತ್ತವೆ. ಹೆಪ್ಪುಗಟ್ಟಿ ಗಾಯ ಮುಚ್ಚಬೇಕಾದ ಫೈಬ್ರಿನ್ ಕೂಡ ಕರಗುತ್ತದೆ.

ಚರ್ಮದ ಜೀವಕೋಶಗಳು ತಕ್ಷಣ ಕೂಗು ಹಾಕುತ್ತವೆ. ಇಂಟರ್‌ಲ್ಯೂಕಿನ್ ಅನ್ನುವ ಸಂಕೇತದ ಪ್ರೋಟೀನುಗಳು ಹೊರಡುತ್ತವೆ. ಅವುಗಳ ಕರೆಗೆ ಹತ್ತಿರದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ನಾಳದ ಗೋಡೆಯ ಕೋಶಗಳ ನಡುವೆ ಸಂದು ಬಿಡುತ್ತದೆ. ಆ ಸಂದಿನಿಂದ ರಕ್ತದ ನೀರು, ಅಂದರೆ ಪ್ಲಾಸ್ಮಾ, ಸೋರುತ್ತದೆ. ಅದರ ಜೊತೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಗುಂಪುಗುಂಪಾಗಿ ಬರುತ್ತವೆ. ಗಂಟೆಗಳ ಒಳಗೆ ಆ ಜಾಗ ಬಾವು ಬಂದು ಕೆಂಪಾಗಿ ಬಿಸಿಯಾಗುತ್ತದೆ. ಮುಳ್ಳು ಚುಚ್ಚಿ ನಂಜಾದರೆ ನಮ್ಮ ಕಾಲಲ್ಲಿ ಆಗುವುದೂ ಇದೇ ಅಲ್ವಾ? ಬ್ಯಾಕ್ಟೀರಿಯಾ ಎದುರು ಇದು ತುಂಬ ಒಳ್ಳೆಯ ಉಪಾಯ. ಪ್ಲಾಸ್ಮಾದಲ್ಲಿ ರಕ್ಷಣೆಯ ಪ್ರೋಟೀನುಗಳಿವೆ, ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತದೆ.

ಆದರೆ ಹುಳವನ್ನು ನುಂಗುವುದು ಹೇಗೆ? ಒಂದು ನ್ಯೂಟ್ರೋಫಿಲ್ ಮಿಲಿಮೀಟರಿನ ನೂರರ ಒಂದು ಪಾಲು. ಆಗ ತಾನೇ ಹುಟ್ಟಿದ ಮರಿಯೇ ಅದರ ನೂರು ಪಟ್ಟು ಉದ್ದ. ಮೇಲೆ ಗಟ್ಟಿ ಹೊರಪೊರೆ ಬೇರೆ. ಇರುವೆ ಆನೆಯನ್ನು ನುಂಗಲು ಹೋದ ಹಾಗೆ.

ನುಂಗಲಾಗದ್ದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ರಸಿಗೆಯದು. ಸೋರಿದ ಪ್ಲಾಸ್ಮಾದಲ್ಲಿ ಏನಿದೆ? ಆಲ್ಬುಮಿನ್, ಗ್ಲಾಬ್ಯುಲಿನ್, ಸಕ್ಕರೆ, ಲವಣ, ನೀರು. ಎಲ್ಲ ಕುದಿಸಿ ಬಸಿದ ಸಾರಿನ ಹಾಗೆ ಸಿದ್ಧವಾದ ಊಟ. ಪುಟ್ಟ ಮರಿಹುಳಕ್ಕೆ ಮಾಂಸ ಕೊರೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದು ಮೊದಲು ಬದುಕುವುದೇ ಈ ರಸಿಗೆ ಕುಡಿದು. ಒಣ ಚರ್ಮದ ಮೇಲೆ ಬಿದ್ದ ಮರಿ ಬೇಗ ಸಾಯುತ್ತದೆ. ಅದೇ ಮರಿ ಚರ್ಮ ಗೀರಿ, ಕುರಿಯ ಮೈಯನ್ನು ರೇಗಿಸಿ, ರಸಿಗೆ ಒಸರುವಂತೆ ಮಾಡಿಬಿಟ್ಟರೆ ಬದುಕಿತು.

ಅಂದರೆ ಕುರಿ ತನ್ನನ್ನು ಕಾಪಾಡಿಕೊಳ್ಳಲು ಕಳಿಸಿದ ಸೈನ್ಯದ ಬುತ್ತಿಯನ್ನೇ ಹುಳ ಉಣ್ಣುತ್ತದೆ. ಹುಳ ಹೆಚ್ಚಾದಷ್ಟೂ ಬಾವು ಹೆಚ್ಚು, ಬಾವು ಹೆಚ್ಚಾದಷ್ಟೂ ರಸಿಗೆ ಹೆಚ್ಚು, ರಸಿಗೆ ಹೆಚ್ಚಾದಷ್ಟೂ ಹುಳಕ್ಕೆ ಹಬ್ಬ. ಆ ನಾತಕ್ಕೆ ಇನ್ನಷ್ಟು ನೊಣಗಳು ಬರುತ್ತವೆ. ಅಜ್ಜನ ಕುರಿಯ ಗಾಯದ ಸುತ್ತ ಜಡೆಗಟ್ಟಿದ ಉಣ್ಣೆಯನ್ನು ನೆನೆಸಿಕೊಂಡಾಗಲೆಲ್ಲ ನನಗೆ ಈ ಸುತ್ತು ನೆನಪಾಗುತ್ತದೆ.

ಇಷ್ಟರಲ್ಲಿ ಕುರಿಯ ಇಡೀ ಮೈ ಕೆಡುತ್ತದೆ. ಕುರಿಯ ಮೈ ಬಿಸಿ ಸಾಮಾನ್ಯವಾಗಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹುಳ ಬಿದ್ದ ಕುರಿಯಲ್ಲಿ ಅದು 41 ದಾಟಬಹುದು. ಮೇಯುವುದು ಬಿಡುತ್ತದೆ, ಹಿಂಡಿನಿಂದ ಹಿಂದೆ ಬೀಳುತ್ತದೆ, ಬಾಲ ಒದರುತ್ತದೆ, ತಿರುಗಿ ತಿರುಗಿ ಗಾಯ ಕಚ್ಚಿಕೊಳ್ಳಲು ನೋಡುತ್ತದೆ. ಹುಳಗಳು ಪ್ರೋಟೀನ್ ತಿಂದು ಹೊರಹಾಕುವುದು ಅಮೋನಿಯಾ. ಅದು ರಕ್ತಕ್ಕೆ ಸೇರಿ ವಿಷವಾಗುತ್ತದೆ. ಹುಳ ಜಾಸ್ತಿಯಿದ್ದರೆ ಕೆಲವೇ ದಿನಗಳಲ್ಲಿ ಕುರಿ ಸಾಯಬಹುದು.

ಇನ್ನು ಹುಳದ ಕಡೆಯ ತಯಾರಿ. ಸಮಯ ಮತ್ತು ಊಟ ತನ್ನ ಕಡೆ ಇದ್ದರೂ ಅದು ಅಷ್ಟಕ್ಕೇ ನಿಲ್ಲುವುದಿಲ್ಲ.

ಪ್ರತಿಕಾಯ ಅಂದರೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಪ್ರೋಟೀನ್. ಎರಡು ತೋಳು ಶತ್ರುವನ್ನು ಹಿಡಿಯಲು, ಬಾಲ ಬಿಳಿ ಕಣಗಳನ್ನು ಕರೆಯಲು. ಹುಳದ ಜೊಲ್ಲಿನ ಕಿಣ್ವಗಳು ಇದನ್ನೂ ಕತ್ತರಿಸಬಲ್ಲವು. ತೋಳು ಬೇರೆ, ಬಾಲ ಬೇರೆ ಆದರೆ ಹಿಡಿದರೂ ಕೂಗಲು ಬಾಯಿಲ್ಲ. ಹುಳದ ಜೊಲ್ಲು ಮತ್ತು ವಿಸರ್ಜನೆಯನ್ನು ಕುರಿಯ ಲಿಂಫೋಸೈಟ್ ಎಂಬ ಬಿಳಿ ಕಣಗಳಿಗೆ ಪ್ರಯೋಗಾಲಯದಲ್ಲಿ ಬೆರೆಸಿ ನೋಡಿದ್ದಾರೆ. ಆ ಕಣಗಳು ಹೆಚ್ಚುವುದನ್ನೇ ನಿಲ್ಲಿಸಿದವು. ಒಂದು ಎರಡಾಗಿ, ಎರಡು ನಾಲ್ಕಾಗಿ ಅಂತ ಮೊದಲು ಹೇಳಿದೆನಲ್ಲ, ಆ ಹೆಜ್ಜೆಗೇ ಏಟು.

ಇದರದೇ ಇನ್ನೊಂದು ಮುಖ ಮನುಷ್ಯರ ಆಸ್ಪತ್ರೆಯಲ್ಲಿದೆ. ಲೂಸಿಲಿಯಾ ಕುಪ್ರಿನಾದ ಹತ್ತಿರದ ಬಂಧು ಲೂಸಿಲಿಯಾ ಸೆರಿಕಾಟಾ. ಬ್ರಿಟನ್ನಿನ ಕುರಿಗಳಿಗೆ ಅದೇ ಪೀಡೆ. ಅದರ ಮರಿಗಳನ್ನೇ ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಿ ಮಾಯದ ಗಾಯಗಳ ಮೇಲೆ ಬಿಡುತ್ತಾರೆ. ಅಮೆರಿಕದ ವೈದ್ಯ ವಿಲಿಯಂ ಬೇರ್ ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯಗಳಲ್ಲಿ ಹುಳ ಕಂಡು, ಅದರ ಕೆಳಗಿನ ಮಾಂಸ ಸ್ವಚ್ಛವಾಗಿದ್ದದ್ದನ್ನು ಗಮನಿಸಿದ್ದರು. ಅವರ ಚಿಕಿತ್ಸೆಯ ವರದಿ 1931ರಲ್ಲಿ ಪ್ರಕಟವಾಯಿತು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಇದಕ್ಕೆ ಅನುಮತಿ ಕೊಟ್ಟಿತು. ಈ ಹುಳದ ಜೊಲ್ಲು ಕಾಂಪ್ಲಿಮೆಂಟ್ ಅನ್ನುವ ರಕ್ತದ ರಕ್ಷಣಾ ಪ್ರೋಟೀನುಗಳನ್ನು ಮುರಿಯುತ್ತದೆ, ನ್ಯೂಟ್ರೋಫಿಲ್‌ಗಳ ಸಿಟ್ಟನ್ನು ತಗ್ಗಿಸುತ್ತದೆ. ಬಾವು ಇಳಿಯದೆ ಕೂತ ಹಳೆಯ ಗಾಯಕ್ಕೆ ಅದು ಔಷಧಿ. ಕುರಿಗೆ ಅದೇ ಕುತ್ತು. ಆಸ್ಪತ್ರೆಯಲ್ಲಿ ಹುಳ ಎಷ್ಟು, ಎಷ್ಟು ದಿನ ಅನ್ನುವುದು ವೈದ್ಯರ ಕೈಯಲ್ಲಿರುತ್ತದೆ. ಹೊಲದಲ್ಲಿ ನೊಣದ ಕೈಯಲ್ಲಿ. (ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ. ನಮ್ಮ ಕಡೆಯ ನೊಣದ ಮರಿ ಜೀವಂತ ಮಾಂಸವನ್ನೇ ತಿನ್ನುತ್ತದೆ.)

ಹಾಗಾದರೆ ಪದೇ ಪದೇ ಹುಳ ಬಿದ್ದ ಕುರಿ ಏನನ್ನೂ ಕಲಿಯುವುದಿಲ್ಲವಾ? ಸ್ವಲ್ಪ ಕಲಿಯುತ್ತದೆ. ಅದರ ರಕ್ತದಲ್ಲಿ ಹುಳದ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಸಿಗುತ್ತದೆ. ಚರ್ಮದಲ್ಲಿ ನ್ಯೂಟ್ರೋಫಿಲ್ ಜೊತೆಗೆ ಇಯೊಸಿನೊಫಿಲ್, ಮಾಸ್ಟ್ ಕಣ, ಟಿ ಕಣಗಳು ಸೇರುತ್ತವೆ. ಇಯೊಸಿನೊಫಿಲ್ ಹುಳುಗಳಂಥ ದೊಡ್ಡ ಶತ್ರುವಿಗೆಂದೇ ಇರುವ ಕಣ. ನುಂಗಲಾಗದಿದ್ದರೆ ಮೈಗೆ ಅಂಟಿಕೊಂಡು ವಿಷ ಉಗುಳುತ್ತದೆ. ಆದರೂ ಕೆಲವು ಪ್ರಯೋಗಗಳಲ್ಲಿ ಹುಳ ತುಸು ಕಡಿಮೆ ಬೆಳೆದದ್ದು ಬಿಟ್ಟರೆ ಗಟ್ಟಿಯಾದ ರಕ್ಷಣೆ ಕಾಣಲಿಲ್ಲ. ಕಂಡಷ್ಟೂ ಬೇಗ ಕರಗಿಹೋಯಿತು. ಪ್ರತಿಕಾಯ ಹೆಚ್ಚಿದ್ದ ಕುರಿಗೆ ಹುಳ ಕಡಿಮೆ ಬೀಳುತ್ತದೆ ಅನ್ನುವ ನೇರ ಲೆಕ್ಕವೂ ಸಿಗಲಿಲ್ಲ.

ಸಮಯ ಎಷ್ಟು ಮುಖ್ಯ ಅಂತ ಅದೇ ಕುರಿಯ ಮೂಗಿನಲ್ಲಿ ನೋಡಬಹುದು. ಈಸ್ಟ್ರಸ್ ಓವಿಸ್ ಅನ್ನುವ ನೊಣ ಕುರಿಯ ಮೂಗಿಗೆ ಹಾರುತ್ತಲೇ ಮರಿ ಚಿಮ್ಮಿಸುತ್ತದೆ. ಕುರಿಗಳು ತಲೆ ತಗ್ಗಿಸಿ ಒಂದರ ಹೊಟ್ಟೆ ಕೆಳಗೆ ಒಂದು ಮೂಗು ತೂರಿಸಿ ನಿಲ್ಲುವುದನ್ನು ನೋಡಿದ್ದೀರಾ? ಅದು ಈ ನೊಣದ ಹೆದರಿಕೆಗೂ ಇರಬಹುದು. ಈ ಹುಳ ಮೂಗಿನ ಒಳಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇರುತ್ತದೆ. ಅಷ್ಟು ಸಮಯ ಸಿಕ್ಕರೆ ಕುರಿಯ ಮೈ ಕೆಲಸ ಮಾಡಿ ತೋರಿಸುತ್ತದೆ. ಮೂಗಿನ ಒಳಪೊರೆಯಲ್ಲಿ ಇಯೊಸಿನೊಫಿಲ್, ಮಾಸ್ಟ್ ಕಣಗಳು ತುಂಬುತ್ತವೆ, ಪ್ರತಿಕಾಯ ಲೋಳೆಯಲ್ಲಿ ಇಳಿಯುತ್ತದೆ, ಎಷ್ಟೋ ಹುಳಗಳ ಬೆಳವಣಿಗೆ ಕುಂಠಿತವಾಗುತ್ತದೆ. ಒಂದೇ ಕುರಿ, ಎರಡೂ ನೊಣದ ಹುಳವೇ. ನಿಧಾನವಾಗಿ ಇರುವ ಹುಳಕ್ಕೆ ಉತ್ತರ ಇದೆ. ಅವಸರದಲ್ಲಿ ತಿಂದು ಎದ್ದುಹೋಗುವ ಹುಳಕ್ಕೆ ಇಲ್ಲ.

ಇಷ್ಟು ತಿಳಿದ ಮೇಲೆ ಲಸಿಕೆಯ ಯೋಚನೆ ಬರುವುದು ಸಹಜ. ಹುಳ ಬೀಳುವ ಮೊದಲೇ ರಕ್ತದಲ್ಲಿ ಪ್ರತಿಕಾಯ ತುಂಬಿಸಿಟ್ಟರೆ? ಆಗ ಸಮಯದ ಸೋಲು ಇಲ್ಲ. ರಸಿಗೆ ಕುಡಿಯುವ ಹುಳ ಅದರ ಜೊತೆ ಪ್ರತಿಕಾಯವನ್ನೂ ಕುಡಿಯುತ್ತದೆ. ಹುಳದ ಊಟವೇ ಅದಕ್ಕೆ ಮುಳುವಾಗಬೇಕು. ಈ ಆಸೆಗೆ ಒಂದು ಆಧಾರವೂ ಇತ್ತು. ದನದ ರಕ್ತ ಹೀರುವ ಉಣ್ಣಿಯ ಕರುಳಿನ ಒಂದು ಪ್ರೋಟೀನಿನಿಂದ ತಯಾರಿಸಿದ ಲಸಿಕೆ ಆಸ್ಟ್ರೇಲಿಯಾದಲ್ಲಿ 1994ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಆ ಪ್ರೋಟೀನನ್ನು ದನದ ಮೈ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಅದು ಉಣ್ಣಿಯ ಕರುಳೊಳಗೆ ಅಡಗಿರುತ್ತದೆ. ಲಸಿಕೆ ಹಾಕಿದ ದನದ ರಕ್ತ ಕುಡಿದ ಉಣ್ಣಿಯ ಕರುಳು ಒಳಗಿಂದ ಹಾಳಾಗುತ್ತದೆ.

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯವರು 1990ರ ದಶಕದಲ್ಲಿ ಇದೇ ದಾರಿಯಲ್ಲಿ ಲೂಸಿಲಿಯಾ ಹುಳದ ಕರುಳನ್ನು ಹುಡುಕಿದರು. ಹುಳದ ಕರುಳಿನ ಒಳಗೆ ಒಂದು ತೆಳು ಜಾಲರಿ ಪೊರೆ ಇದೆ, ಚಹಾ ಸೋಸುವ ಅರಿವೆಯ ಹಾಗೆ. ಊಟ ಆ ಪೊರೆಯ ಸಣ್ಣ ತೂತುಗಳ ಮೂಲಕ ಸೋಸಿ ಕರುಳಿನ ಗೋಡೆ ಸೇರಬೇಕು. ಆ ಪೊರೆಯ ಪ್ರೋಟೀನುಗಳಿಗೆ ಪೆರಿಟ್ರೋಫಿನ್ ಎಂದು ಹೆಸರು. ಅವನ್ನು ಬೇರ್ಪಡಿಸಿ ಕುರಿಗಳಿಗೆ ಚುಚ್ಚಿದರು. ಆ ಕುರಿಗಳ ಸೀರಂ ಅನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ನೀರನ್ನು, ಪ್ರಯೋಗಾಲಯದಲ್ಲಿ ಹುಳಗಳಿಗೆ ಊಟವಾಗಿ ಕೊಟ್ಟರು. ಹುಳಗಳು ಸೊರಗಿದವು. ಪ್ರತಿಕಾಯಗಳು ಪೊರೆಯ ತೂತುಗಳಿಗೆ ಅಂಟಿ, ಸೋಸುವ ಅರಿವೆಗೆ ಕೆನೆ ಕಟ್ಟಿದ ಹಾಗೆ ಮುಚ್ಚಿಬಿಟ್ಟಿದ್ದವು. ಹೊಟ್ಟೆ ತುಂಬ ಊಟ, ಆದರೂ ಉಪವಾಸ.

ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಕುರಿಯ ಮೈಮೇಲೆ ಗೆಲ್ಲಲಿಲ್ಲ. ತಟ್ಟೆಯಲ್ಲಿ ಹುಳಕ್ಕೆ ಆ ಸೀರಂ ಬಿಟ್ಟು ಬೇರೆ ಊಟ ಇರಲಿಲ್ಲ. ಕುರಿಯ ಮೈಮೇಲೆ ರಸಿಗೆಯ ಜೊತೆ ಚರ್ಮ, ಮಾಂಸ, ಬ್ಯಾಕ್ಟೀರಿಯಾ ಎಲ್ಲ ಇದೆ. ಪ್ರತಿಕಾಯವನ್ನು ಕತ್ತರಿಸುವ ಕಿಣ್ವಗಳೂ ಇವೆ. ಇನ್ನೊಂದು ತೊಡಕು ತಯಾರಿಕೆಯದು. ಸಾವಿರಾರು ಹುಳ ಸೀಳಿ ಲಸಿಕೆ ತಯಾರಿಸಲಾಗುವುದಿಲ್ಲ. ಬ್ಯಾಕ್ಟೀರಿಯಾ ಅಥವಾ ಬೇರೆ ಕೀಟದ ಜೀವಕೋಶದಲ್ಲಿ ಆ ಪ್ರೋಟೀನ್ ಬೆಳೆಸಬೇಕು. ಹಾಗೆ ಬೆಳೆಸಿದ್ದು ಹುಳದ ಸ್ವಂತ ಪ್ರೋಟೀನಿನಷ್ಟು ಕೆಲಸ ಮಾಡಲಿಲ್ಲ. ಅದಕ್ಕೆ ಅಂಟಿಕೊಂಡ ಸಕ್ಕರೆಯ ಸರಗಳು ಹುಳದಲ್ಲಿ ಒಂದು ಥರ, ಬೇರೆ ಕೀಟದ ಜೀವಕೋಶದಲ್ಲಿ ಇನ್ನೊಂದು ಥರ, ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ನಮ್ಮ ಕಡೆಯ ಕ್ರೈಸೊಮಿಯಾ ನೊಣಕ್ಕೂ ಇಂಥದೇ ಲಸಿಕೆಯ ಪ್ರಯತ್ನ ಇಂಡೋನೇಷ್ಯಾದಲ್ಲಿ ನಡೆದಿತ್ತು. 2015ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಲೂಸಿಲಿಯಾ ಕುಪ್ರಿನಾದ ಇಡೀ ಜೀನೋಮ್ ಓದಿ ಮುಗಿಯಿತು. ಸುಮಾರು 14,500 ಜೀನ್‌ಗಳು. ಹುಳ ಯಾವ ಹೊತ್ತಿನಲ್ಲಿ ಯಾವ ಕಿಣ್ವ ತೆಗೆಯುತ್ತದೆ ಎಂದು ಈಗ ಪಟ್ಟಿ ಹಿಡಿದು ನೋಡಬಹುದು. ಲಸಿಕೆಯ ಹುಡುಕಾಟ ಹೀಗೆ ಮತ್ತೆ ಚುರುಕಾಗಿದೆ. ಇದು ಕೈಗೂಡಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಯಾಕೆಂದರೆ ಉಳಿದ ಮೂರು ದಾರಿಗಳಲ್ಲಿ ಒಂದು ಕ್ರೂರ, ಇನ್ನೊಂದು ಅಲ್ಪಾಯುಷಿ.

ಕ್ರೂರ ದಾರಿ ಮ್ಯೂಲ್ಸಿಂಗ್. ಮೆರಿನೊ ಕುರಿಯ ಹಿಂಭಾಗದ ಚರ್ಮ ಮಡಿಕೆ ಮಡಿಕೆ. ಅಲ್ಲಿ ಮೂತ್ರ, ಹಿಕ್ಕೆ ಅಂಟಿ ಒದ್ದೆಯಾಗಿ ಹುಳ ಬೀಳುತ್ತದೆ. 1930ರ ದಶಕದಲ್ಲಿ ಜಾನ್ ಮ್ಯೂಲ್ಸ್ ಎಂಬ ಆಸ್ಟ್ರೇಲಿಯಾದ ಕುರಿ ಸಾಕಣೆಗಾರ ಆ ಮಡಿಕೆಗಳನ್ನು ಕತ್ತರಿಸಿ ತೆಗೆಯುವ ಪದ್ಧತಿ ಶುರು ಮಾಡಿದರು. ನೋವು ಎಷ್ಟೆಂದು ಹೇಳಬೇಕಿಲ್ಲ. ನ್ಯೂಜಿಲೆಂಡ್ 2018ರಲ್ಲಿ ಅದನ್ನು ನಿಷೇಧಿಸಿತು. ಅಲ್ಪಾಯುಷಿ ದಾರಿ ಕೀಟನಾಶಕ. 1950ರ ದಶಕದ ಕೊನೆಗೆ ಬಂದ ಡಯಾಜಿನಾನ್ ಔಷಧಿಗೆ 1960ರ ದಶಕದ ನಡುವಿನಲ್ಲೇ ನೊಣ ಒಗ್ಗಿಕೊಂಡಿತು.

ಮೂರನೆಯದು ತಳಿ. ನ್ಯೂ ಸೌತ್ ವೇಲ್ಸ್‌ನ ಟ್ರಾಂಗಿ ಸಂಶೋಧನಾ ಕೇಂದ್ರದಲ್ಲಿ ಹುಳ ಸುಲಭವಾಗಿ ಬೀಳುವ ಮತ್ತು ಬೀಳದ ಮೆರಿನೊ ಕುರಿಗಳ ಎರಡು ಸಾಲುಗಳನ್ನು ತಲೆಮಾರುಗಟ್ಟಲೆ ಬೇರೆ ಬೇರೆ ಬೆಳೆಸಿದರು. ಉಣ್ಣೆಯ ಗುಣದಲ್ಲಿ ಮಾತ್ರವಲ್ಲ, ಚರ್ಮದ ಬಾವಿನ ಪ್ರತಿಕ್ರಿಯೆಯಲ್ಲೂ ಎರಡು ಸಾಲುಗಳ ನಡುವೆ ವ್ಯತ್ಯಾಸ ಕಂಡಿತು. ಅಂದರೆ ತಡೆಯುವ ಶಕ್ತಿಯ ಒಂದು ಪಾಲು ಹುಟ್ಟಿನಿಂದ ಬರುತ್ತದೆ. ನಮ್ಮ ದಖ್ಖನಿ ಕುರಿಯ ಒರಟು, ತೆಳುವಾದ ಉಣ್ಣೆ ಬೇಗ ಒಣಗುತ್ತದೆ. ಚರ್ಮಕ್ಕೆ ಮಡಿಕೆಯಿಲ್ಲ. ಹಾಗಾಗಿ ಮೆರಿನೊಗೆ ಆಗುವಂತೆ ಸುಮ್ನೆ ಮೈಮೇಲೆ ಹುಳ ಬೀಳುವುದು ಕಡಿಮೆ. ಗಾಯವೇ ಬಾಗಿಲು. ನಾಯಿ ಕಚ್ಚಿದ್ದು, ಉಣ್ಣೆ ಕತ್ತರಿಸುವಾಗ ಕತ್ತರಿ ತಾಗಿದ್ದು, ಹುಟ್ಟಿದ ಮರಿಯ ಹೊಕ್ಕುಳು, ಕೊಳೆತ ಗೊರಸು.

ಒಂದು ವಾರ ಬಿಟ್ಟು ಮತ್ತೆ ದಿವೆ ಘಾಟ್ ಹತ್ತಿದೆ. ಹಿಂಡು ಸಾಸವಡದ ಆಚೆ ಇನ್ನೊಬ್ಬರ ಹೊಲಕ್ಕೆ ಹೋಗಿತ್ತು, ಗೊಬ್ಬರಕ್ಕೆ ಕುರಿ ನಿಲ್ಲಿಸಿದ್ದರು. ಕರಿ ಕುರಿ ಮೇಯುತ್ತಿತ್ತು. ಗಾಯ ಒಣಗಿ ಅಂಚಿನಿಂದ ಗುಲಾಬಿ ಚರ್ಮ ಕೂಡುತ್ತಿತ್ತು. ಕಚ್ಚಿದ ದಿನದಿಂದ ಲೆಕ್ಕ ಹಾಕಿದರೆ ಅಂದು ಹನ್ನೆರಡನೆಯ ದಿನ. ಹುಳಗಳ ವಿರುದ್ಧದ ಪ್ರತಿಕಾಯ ಅದರ ರಕ್ತದಲ್ಲಿ ಏರುತ್ತಿದ್ದಿರಬೇಕು. ಹಿಡಿಯಲು ಅಲ್ಲಿ ಒಂದು ಹುಳವೂ ಉಳಿದಿರಲಿಲ್ಲ.

"ಅಜ್ಜಾ, ನೀವು ಕೇಳಿದ್ದಕ್ಕ ಉತ್ತರ ತಂದೀನಿ" ಅಂದೆ. "ಕುರಿ ಮೈ ಕೈಕಟ್ಟಿ ಕೂತಿರೂದಿಲ್ಲ. ಅದು ತಯಾರಾಗೂದ್ರಾಗ ಹುಳ ಉಂಡು ಎದ್ದು ಹೋಗಿರ್ತೈತಿ. ಮ್ಯಾಲ ಬಾವಿನ ರಸಿಗೀನ ಅದಕ್ಕ ಊಟ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರ ನಾಕನೇ ದಿನಕ್ಕ ಹುಳಾ ತಗದು ಏನ್ ಬಂತ್ರಿ. ತತ್ತಿ ಇದ್ದಾಗನ ನೋಡಬೇಕು" ಅಂದರು. ಎದ್ದು, ಹಿಂದಿನ ದಿನವಷ್ಟೇ ಉಣ್ಣೆ ಕತ್ತರಿಸಿದ್ದ ಕುರಿಗಳ ಹತ್ತಿರ ಹೋಗಿ ಒಂದೊಂದರ ಮೈಮೇಲೂ ಬೆರಳಾಡಿಸಿದರು. ಆರನೆಯದೋ ಏಳನೆಯದೋ ಕುರಿಯ ಪಕ್ಕೆಯಲ್ಲಿ ಕತ್ತರಿ ತಾಗಿದ ಸಣ್ಣ ಗೀರು. ಅದರ ಅಂಚಿಗೆ ರವೆ ಅಂಟಿಸಿದ ಹಾಗೆ ಬಿಳಿ ಗುಂಪು. ಅಜ್ಜ ಉಗುರಿನಿಂದ ಅದನ್ನು ಕೆರೆದು ಅರಿವೆಗೆ ಒರೆಸಿದರು. ಸೊಂಟದ ಸೀಸೆಯಿಂದ ಬೇವಿನೆಣ್ಣೆ ಸವರಿ, ಮುಂದಿನ ಕುರಿಯ ಕಿವಿ ಹಿಡಿದರು.